ಹದಿನೇಳು ಖಾಲಿ ಮನೆ

ವಾಸ್ಕೋದಲ್ಲಿ ಕಿಟಕಿ ತೆರೆದಿಟ್ಟು ಪಾಠ ಮಾಡುವ ಹಾಗಿಲ್ಲ.
ಬಂದರಿನ ಕಲ್ಲಿದ್ದಲ ಪುಡಿ ಒಳಗೆ ಬಂದು
ಹಾಳೆಯ ಮೇಲೆ ತನ್ನದೂ ಒಂದಿಷ್ಟು ದಶಮಾಂಶ ಬಿಂದು
ಇಟ್ಟು ಹೋಗುತ್ತದೆ.
ಎರ್ಮೆಲಿಂಡಾ ಮೇಡಂ ಆದರೂ ತೆರೆಸುತ್ತಾರೆ:
"ಗಾಳಿ ಬರಲಿ. ಲೆಕ್ಕದವರ ತಲೆ ಬೇಗ ಮುಗ್ಗುತ್ತದೆ."

ನಂದುರ್‌ಬಾರಿನ ವಸಾವೆ, ಮಲಾವಿಯ ಥೋಕೊಜಾನಿ,
ಲಿಂಗಸೂಗೂರಿನವಳು ನಾನು.
ಮೂರೂ ಕಡೆ ಆಸ್ಪತ್ರೆ ಇದೆ, ಔಷಧ ಕೆಲವು ಸಲ ಇದೆ,
ತುಂಬಿದ ರಿಜಿಸ್ಟರಂತೂ ಕಪಾಟುಗಟ್ಟಲೆ.
ಅವನ್ನು ಓದುವುದು ಹೇಗೆಂದು ಕಲಿಯಲು ಬಂದೆವು.

ಮೊದಲ ತಿಂಗಳು ಕಂಪ್ಯೂಟರ್ ಮುಟ್ಟಗೊಡಲಿಲ್ಲ.
ಜುವಾರಿನಗರದ ಗುಡ್ಡ ಹತ್ತಿಸಿ
ಹೆಂಗಸರ ವಯಸ್ಸು ಬರೆದುಕೊಂಡು ಬನ್ನಿ ಅಂದರು.
ತಂದೆವು: ಇಪ್ಪತ್ತು, ಇಪ್ಪತ್ತೈದು, ಮೂವತ್ತು, ಮತ್ತೆ ಇಪ್ಪತ್ತೈದು.
ಇಪ್ಪತ್ಮೂರಕ್ಕೆ ಯಾರೂ ಇಲ್ಲ,
ಇಪ್ಪತ್ತೇಳರ ಹೆಣ್ಣೇ ಆ ಗುಡ್ಡದಲ್ಲಿಲ್ಲ.
"ಸುಳ್ಳಲ್ಲ ಇದು, ಬೆರಳ ಲೆಕ್ಕ," ಅಂದರು ಮೇಡಂ,
"ಒಂದು ಕೈ ತುಂಬಿದಲ್ಲಿ ನಿಲ್ಲುತ್ತದೆ."

ಆಮೇಲೆ ಬಂತು ಕಬ್ಬಿಣದ ಮಾತ್ರೆಯ ಅಧ್ಯಯನ.
ಅರವತ್ತು ಬಸುರಿಯರು. ಕಟ್ಟಡದ ಕೆಲಸದವರೇ ಬಹಳ.
ಶುರುವಿಗೆ ಹಿಮೋಗ್ಲೋಬಿನ್ ಸರಾಸರಿ ಒಂಬತ್ತು ಪಾಯಿಂಟ್ ಒಂದು,
ಮೂರು ತಿಂಗಳಿಗೆ ಒಂಬತ್ತು ಪಾಯಿಂಟ್ ಎಂಟು.
ಮೇಲೇರಿದ ಗೆರೆಗೆ ನಾನು ಹಸಿರು ಬಣ್ಣ ಹಚ್ಚಿದೆ.
ವಸಾವೆ ಎಲ್ಲರಿಗೂ ಚಹಾ ಕೊಡಿಸಿದ.

ಮೇಡಂ ಬಣ್ಣ ನೋಡಲಿಲ್ಲ.
"ಎರಡನೇ ಸಲ ಎಷ್ಟು ಜನ?"
ನಲವತ್ತಮೂರು.
"ಉಳಿದವರು?"
ಹದಿನೇಳು ಖಾಲಿ ಮನೆ, ಮೇಡಂ. ಸಂಪರ್ಕ ತಪ್ಪಿದವರು.
"ಈ ನಲವತ್ತಮೂರರದೇ ಹಳೆಯ ಸರಾಸರಿ ತೆಗೆ."

ತೆಗೆದೆ.
ಆಗಲೂ ಒಂಬತ್ತು ಪಾಯಿಂಟ್ ಎಂಟೇ.
ಒಟ್ಟಿನಲ್ಲಿ ರಕ್ತ ಒಂದು ತೊಟ್ಟೂ ಏರಿರಲಿಲ್ಲ.
ಏಳರ ಆಸುಪಾಸಿನವರು ಸಾಲಿನಿಂದ ಎದ್ದು ಹೋಗಿದ್ದರು,
ಉಳಿದವರನ್ನು ಅಳೆದು
ನಾವು ಬೆನ್ನು ತಟ್ಟಿಕೊಂಡಿದ್ದೆವು.
ಚಹಾ ಆರಿತ್ತು. ಅದರಲ್ಲೂ ಕಪ್ಪು ಪುಡಿ.

ಕನ್ನಡದವಳು ನಾನೊಬ್ಬಳೇ, ಫೋನು ನನ್ನ ಕೈಗೆ ಬಂತು.
ಒಂಬತ್ತು ನಂಬರ್ ಬಂದ್.
ನಾಲ್ಕು ಮೇಸ್ತ್ರಿಗಳವು; "ಯಾವಾಕಿ?" ಅಂದು ಇಟ್ಟರು.
ಮೂರು ರಿಂಗಾಗಿ ರಿಂಗಾಗಿ ನಿಂತವು.
ಎತ್ತಿದ್ದು ಒಬ್ಬಳೇ, ಕುಷ್ಟಗಿ ಕಡೆಯ ಹುಲಿಗೆಮ್ಮ.

"ಬಂದಿದ್ನೆವ್ವಾ. ಮಾತ್ರಿ ತೀರ್‍ಯಾವು, ನಾಳೆ ಬಾ ಅಂದ್ರು.
ನಾಳೆ ಅಂದ್ರ ಒಂದಿನದ ಪಗಾರ.
ಮತ್ತೊಮ್ಮೆ ಬಂದ್ನಿ.
ಬರಕೊಳ್ಳಾಕ ಇಬ್ಬರಿದ್ರು, ಕೊಡಾಕ ಯಾರೂ ಇರಲಿಲ್ಲ.
ಸ್ಲ್ಯಾಬಿನ ಮ್ಯಾಲ ಕಣ್ಣಿಗೆ ಕತ್ತಲ ಬಂತು, ರೈಲು ಹತ್ತಿದ್ನಿ."

ಬರೆದುಕೊಂಡೆ. ಬರೆಯುತ್ತ ಕೈ ಸ್ವಲ್ಪ ನಿಂತಿತು.
"ನಿಮ್ಮ ಬುಕ್ಕಿನ್ಯಾಗ ನನಗ ಎಷ್ಟು ವಯಸ್ಸು?"
ಇಪ್ಪತ್ತೈದು ಅಂದೆ.
ನಕ್ಕಳು. "ಇರಲಿ ಬಿಡ್ರಿ, ಚಲೋ ಐತಿ."
ಕೂಸಿನ ವಿಷಯ ನಾನು ಕೇಳಲಿಲ್ಲ.
ನಮೂನೆಯಲ್ಲಿ ಆ ಪ್ರಶ್ನೆ ಇರಲಿಲ್ಲ.

ಬಿಟ್ಟುಹೋದ ಕಾರಣಕ್ಕೆ ನಾಲ್ಕು ಸಂಕೇತ:
ಒಪ್ಪಲಿಲ್ಲ, ಊರು ಬಿಟ್ಟರು, ತೀರಿಕೊಂಡರು, ಗೊತ್ತಿಲ್ಲ.
ಕೆಳಗೆ ಐದು ಎಂದು ಕೈಯಿಂದ ಬರೆದು
ಅವಳ ಮಾತನ್ನೇ ಇಟ್ಟೆ, ತಿದ್ದದೆ:
ಕೊಡಾಕ ಯಾರೂ ಇರಲಿಲ್ಲ.
ಥೋಕೊಜಾನಿ ಅರ್ಥ ಕೇಳಿಕೊಂಡು
ತನ್ನ ನೋಟ್‌ಬುಕ್ಕಿಗೆ ಇಳಿಸಿದ.
"ನಮ್ಮಲ್ಲಿ ಇದು ಒಂದನೇ ನಂಬರ್ ಆಗುತ್ತದೆ."

ಚೌಕಾಬಾರದಲ್ಲಾದರೆ ಖಾಲಿ ಮನೆ ದಾಟಿ
ಕಾಯಿ ಮುಂದೆ ನಡೆಸಬಹುದು.
ಮೇಡಂ ಹಸಿರು ಗೆರೆಯ ಹಾಳೆಯನ್ನು ಹರಿಯಲಿಲ್ಲ,
ಕಿಟಕಿಯ ಸಂದಿಗೆ ಮಡಚಿ ತುರುಕಿದರು,
ಬಾಗಿಲು ಬಡಿಯದ ಹಾಗೆ.

ರಿಂಗಾದ ಮೂರು ನಂಬರ್ ಬಾಕಿ ಇವೆ.
ಸಂಜೆ, ಪಾಳಿ ಬಿಟ್ಟ ಮೇಲೆ, ಮತ್ತೆ ಹಚ್ಚಬೇಕು.
ಹುಲಿಗೆಮ್ಮನಿಗೂ.