ಒಳನೂಲು

ಚಿಲೋಯೆ ದ್ವೀಪದ ಕೆಮ್ಚಿ ಬಂದರಿನಲ್ಲಿ
ಎದೆಲ್ಮೀರಾ ನಾವೆಲ್ಕಿನ್‌ಳ ಹಗ್ಗದ ಕಾರ್ಖಾನೆ:
ತಗಡಿನ ಉದ್ದ ಸೂರು, ಮೂರು ಯಂತ್ರ, ಏಳು ಜನ,
ಮತ್ತೆ ಲೆಕ್ಕ ಬರೆಯುವ ನಾನು.
ಹಗ್ಗದ ವಿಷಯ ನನಗೆ ತಿಳಿದದ್ದು ಇಷ್ಟೇ:
ಕೊಂಡದ್ದಕ್ಕಿಂತ ಮಾರಿದ್ದು ಹೆಚ್ಚಿರಬೇಕು.

ಜೂನಿನ ಚಳಿಗೆ ಶಾಯಿಯೂ ಮರಗಟ್ಟಿದ್ದಾಗ
ಪ್ವೆರ್ತೊ ಮೊಂತ್‌ನಿಂದ ಒಬ್ಬ ಬಂದ.
ಒದ್ದೆ ಬೂಟು ಬಾಗಿಲಲ್ಲೇ ಒರೆಸಿಕೊಂಡ.
ಒಳ್ಳೆಯ ಮನುಷ್ಯ, ಇದನ್ನೂ ಹೇಳಬೇಕು.
ನಲವತ್ತು ಸಾವಿರ ಮೀಟರು ಬೇಕೆಂದ,
ಮುಳುಗುಗಾರರ ಸೊಂಟಕ್ಕೆ ಕಟ್ಟುವಂಥದ್ದು.
ಬೆಲೆ ಮಾತ್ರ ಅವನು ಹೇಳಿದ್ದೇ.
"ಹೊರಗಿನ ಹೆಣಿಗೆ ಹೊಸದೇ ಇರಲಿ,
ಒಳಗೆ ಹಳೆ ಬಲೆ ಕರಗಿಸಿ ತೆಗೆದ ನೂಲು.
ಯಾರು ಸೀಳಿ ನೋಡುತ್ತಾರೆ?"

ಹಾವೂ ಸಾಯಬೇಕು, ಕೋಲೂ ಮುರಿಯಬಾರದು.
ನಾನು ತಲೆದೂಗಿದೆ.
ಮೇಜಿನ ಕೆಳಗೆ ಬೆರಳಲ್ಲೇ ಗುಣಿಸಿ ಮುಗಿಸಿದ್ದೆ:
ಬ್ಯಾಂಕಿನ ಕಂತು, ಹೊಸ ಲಾರಿ,
ನನ್ನ ಎರಡು ದವಡೆ ಹಲ್ಲು.

ಅವಳು ಮಾತಾಡಲಿಲ್ಲ.
ಗೇಣುದ್ದದ ತುಂಡೊಂದನ್ನು ತೆಗೆದು
ಹುರಿ ಬಿಚ್ಚತೊಡಗಿದಳು,
ಸಿಪ್ಪೆ ಸುಲಿದಂತೆ, ಅವಸರವಿಲ್ಲದೆ.
ಕೊನೆಗುಳಿದ ನಡುವಿನ ಎಳೆಯನ್ನು
ಹಲ್ಲಿಗೆ ಕೊಟ್ಟು ಜಗ್ಗಿ ನೋಡಿ ಅಂದಳು:
"ನೀರಿನ ಕೆಳಗೆ ಕತ್ತಲು, ಸ್ವಾಮಿ.
ಅಲ್ಲಿ ಯಾರಿಗೂ ಹೊರಗಿನದು ಕಾಣುವುದಿಲ್ಲ."

ನಲವತ್ತು ಸಾವಿರ ಮೀಟರು
ಕೊಲ್ಲಿಯಾಚೆಯ ಇನ್ನೊಬ್ಬರ ಪಾಲಾಯಿತು.
ನಮಗೆ ಆ ಚಳಿಗಾಲವೆಲ್ಲ ಬೇಯಿಸಿದ ಆಲೂಗಡ್ಡೆ.
ಇದ್ದ ಹಳೆ ಲಾರಿ ಮಾರಿದಳು.
ಮೊದಲು ತನ್ನ ಸಂಬಳ ನಿಲ್ಲಿಸಿದಳು,
ಆಮೇಲೆ ನನ್ನದರಲ್ಲಿ ಅರ್ಧ, ಕೇಳಿಯೇ.
ಯಾರನ್ನೂ ಕಳಿಸಲಿಲ್ಲ. ರೊಸೌರಾ ತಾನೇ ಹೋದಳು,
ಕೊಲ್ಲಿಯಾಚೆಯವರ ಯಂತ್ರಕ್ಕೆ.
ತಪ್ಪೇನು? ಅವಳಿಗೆ ಮೂರು ಮಕ್ಕಳು.

ಈಗ ನಾಚಿಕೆಯ ಮಾತು.
ನಾನು ಕಾದೆ.
ಪ್ರತಿ ಬೆಳಿಗ್ಗೆ ರೇಡಿಯೋಗೆ ಕಿವಿ ಹಚ್ಚಿ ಕಾದೆ,
ಆ ಹಗ್ಗ ಎಲ್ಲಾದರೂ ಹರಿಯಲಿ,
ನಾವೇ ಸರಿಯೆಂದು ಊರಿಗೆ ತಿಳಿಯಲಿ ಎಂದು.
ಒಂದು ದಿನ ಬಾಯಿಬಿಟ್ಟೇ ಅಂದೆ.
ಅವಳು ಚಹಾದ ಲೋಟ ಕೆಳಗಿಟ್ಟಳು.
"ಹರಿಯದಿರಲಿ ಅಂತ ಹರಕೆ ಹೊರು.
ಆಗದಿದ್ದರೆ ನಾಳೆಯಿಂದ
ನನ್ನ ಲೆಕ್ಕದ ಪುಸ್ತಕ ಮುಟ್ಟಬೇಡ."

ಹರಿಯಲಿಲ್ಲ.
ಇಂದಿಗೂ ಹರಿದಿಲ್ಲ, ದೇವರು ದೊಡ್ಡವನು.
ಅವರು ಎರಡಂತಸ್ತು ಕಟ್ಟಿಸಿದರು,
ಗೃಹಪ್ರವೇಶಕ್ಕೆ ನಮ್ಮನ್ನೂ ಕರೆದರು. ಹೋದೆವು.
ನಮ್ಮ ಬಾಗಿಲಿಗೆ ಬಂದದ್ದು ಒಬ್ಬೊಬ್ಬರೇ:
ಹದಿನೈದು ಮಾರು ಸಾಕೆಂದ ಮುಳುಗುಗಾರ,
ದುಡ್ಡಿನ ಬದಲು ಬುಟ್ಟಿ ತುಂಬ
ನೀಲಿಕಲ್ಲು ಹೊತ್ತು ತಂದ ಅವನ ಹೆಂಡತಿ,
ಅವಳ ತಮ್ಮ, ತಮ್ಮನ ದೋಣಿಯ ಯಜಮಾನ.
ಹನ್ನೊಂದು ವರ್ಷವಾಯಿತು. ಈಗ ಹತ್ತೊಂಬತ್ತು ಜನ.
ರೊಸೌರಾ ವಾಪಸು ಬಂದಿದ್ದಾಳೆ, ಯಾರೂ ಕಾರಣ ಕೇಳಲಿಲ್ಲ.
ಲಾರಿ ಇದೆ. ಸಾಲವೂ ಇದೆ.

ಒಂದು ಬಾಬತ್ತು ಮಾತ್ರ ಯಾವ ಖಾತೆಗೂ ಹತ್ತುವುದಿಲ್ಲ:
ಪ್ರತಿ ಹಗ್ಗದ ನಟ್ಟನಡುವೆ
ಅವಳೊಂದು ಕೆಂಪು ನೂಲು ಓಡಿಸುತ್ತಾಳೆ.
ಬಲಕ್ಕಲ್ಲ, ಚೆಂದಕ್ಕಲ್ಲ,
ಹೊರಗೆ ಕಾಣುವುದೂ ಇಲ್ಲ.
ವರ್ಷದ ಖರ್ಚಿನ ಮೇಲೆ ಬೆರಳಿಟ್ಟು ಕೇಳಿದೆ,
ಇದು ಯಾತಕ್ಕೆ?
"ಸೀಳಿ ನೋಡುವವನೊಬ್ಬ ಎಂದಾದರೂ ಬಂದರೆ
ಬರಿಗೈಲಿ ಹೋಗಬಾರದಲ್ಲ."

ಇತರೆ ವೆಚ್ಚ ಎಂದು ಬರೆದುಕೊಂಡೆ.