ಮೇಜಿನಗಲ

ವಿರಾಜಪೇಟೆ ಗಡಿಯಾರ ಕಂಬದ ಹಿಂದೆ,
ಟೈಲರ್ ಅಂಗಡಿಯ ಮಹಡಿ ಮೇಲೆ, ನನ್ನ ಮೇಜು.
ಮಾಡುವಾಗ ಬಡಗಿ ಕೇಳಿದ್ದ: ಇಷ್ಟಗಲ ಯಾಕಕ್ಕ,
ನಾಕು ಟ್ಯಾರೊ ಎಲೆ ಹರಡೋಕೆ?

ಆಚೆ ಕೂತವರ ಕೈ
ನನ್ನ ಕೈಗೆ ಸುಲಭಕ್ಕೆ ಸಿಗಬಾರದು, ಅದಕ್ಕೆ.

ಚೋಂದಮ್ಮ ಸಂತೆ ಮುಗಿಸಿ ಬರುತ್ತಾಳೆ,
ಕಾಲ ಬಳಿ ಚೀಲ, ಚೀಲದಲ್ಲಿ ಬಾಡುವ ಸೊಪ್ಪು.
ಒಂದೇ ಪ್ರಶ್ನೆ: ಅಣ್ಣ ಮಾತಾಡ್ತಾನಾ?
ಎಲೆಗಳು ವಾರಕ್ಕೊಂದು ಥರ ಬೀಳುತ್ತವೆ.
ಪ್ರಶ್ನೆ ಮಾತ್ರ ಅದೇ ಮಡಿಕೆಯಲ್ಲಿದೆ.

ಕಳೆದ ಸಲ ಒಂದು ಬಾಟಲಿ ಕಾಚಂಪುಳಿ ತಂದಿಟ್ಟಳು.
"ನೀವು ನಂಗೆ ಅಕ್ಕನ ಹಾಗೆ."

ಅಲ್ಲ ಎನ್ನಲು ಎಷ್ಟು ಹೊತ್ತು ಬೇಕು?
ಕೆಳಗೆ ಹೊಲಿಗೆ ಮೆಷಿನ್ನು
ಒಂದು ತೋಳು ಮುಗಿಸುವಷ್ಟು.

"ಅಕ್ಕನಾದರೆ ಸುಳ್ಳು ಹೇಳ್ತೀನಿ ಚೋಂದೂ," ಅಂದೆ,
"ಬರ್ತಾನೆ ಬಿಡು, ಅಂತ."

ಅವಳು ನಗಲಿಲ್ಲ. ದುಡ್ಡು ಎಣಿಸಿಟ್ಟಳು.
ಹತ್ತು ರೂಪಾಯಿ ಚಿಲ್ಲರೆಗೆ ಕಾದು ನಿಂತು
ಇಸ್ಕೊಂಡು ಹೋದಳು, ಮೊದಲ ಸಲ.

ರಾತ್ರಿ ಹನ್ನೊಂದಕ್ಕೆ ಫೋನು ಬೆಳಗಿತು.
ಅವಳೇ ಇರಬೇಕು. ನೋಡದೆ ಮಗುಚಿಟ್ಟೆ.
ಎಲೆಗಳನ್ನು ಅಪ್ಪನ ಹಳೆ ಮಂಡೆತುಣಿಯಲ್ಲಿ ಸುತ್ತಿ
ಎರಡು ಗಂಟು ಹಾಕಿದೆ.
ಒಂದು ಸಾಕಿತ್ತು.

ಕಾಚಂಪುಳಿ ಹಿಂದೆ ಕೊಡಲಿಲ್ಲ, ಒಪ್ಪಿಕೊಳ್ಳುತ್ತೇನೆ.
ಇವತ್ತು ಮತ್ತಿ ಸಾರಿಗೆ ಎರಡು ಹನಿ ಜಾಸ್ತಿಯೇ ಬಿತ್ತು.
ಉಣ್ಣುವಾಗ, ಯಾರದೋ ಅಣ್ಣ
ನನ್ನ ತಟ್ಟೆಯ ಆಚೆ ಕೂತು
ಮಾತಾಡಲಿಲ್ಲ.