ಮಾಚೇನಹಳ್ಳಿಯಲ್ಲಿ ಕಾಲು ಪರ್ಸೆಂಟು

ಮುಂಬೈಯಲ್ಲಿ ಬೆಳಿಗ್ಗೆ ಹತ್ತಕ್ಕೆ ಯಾರೋ ಮೈಕಿನ ಮುಂದೆ ಕೂತು
ಕಾಲು ಎಂದರು.
ಬಡ್ಡಿ ಕಾಲು ಏರಿತು. ನಮ್ಮ ಷೇರು
ಎರಡು ರೂಪಾಯಿ ಏರಿತು.

"ಇದ್ಯಾವ ಲೆಕ್ಕ ಮೇಡಂ?" ಕುಲುಮೆಯ ಚೌಡಪ್ಪ
ಕೈಗವಸು ಕಂಕುಳಲ್ಲಿ ಒತ್ತಿಕೊಂಡು ಬಾಗಿಲಿಗೆ ಬಂದ.
ಅವನದ್ದೂ ಇನ್ನೂರು ಷೇರಿವೆ, ಬೋನಸ್ಸಿನಲ್ಲಿ ಕೊಂಡದ್ದು.
ಅರ್ಧ ಏರಿಸ್ತಾರೆ ಅಂತ ಹೆದರಿ ಹೋದ ತಿಂಗಳೇ ಮಾರಿದ್ರು,
ಕಾಲೇನಾ ಅಂತ ಈಗ ಕೊಳ್ತಿದಾರೆ, ಅಂದೆ.
ಸ್ವಲ್ಪ ಹೊತ್ತು ನಿಂತ.
"ನಮ್ಮ ಆಯನೂರು ಶಾಲೇಲಿ ಒಬ್ಬ ಮೇಷ್ಟ್ರಿದ್ದ,
ಹತ್ತು ಏಟು ಅಂತ ಹೇಳಿ ಐದಕ್ಕೇ ಬಿಡೋನು.
ಐದು ತಿಂದು ನಾವು ನಗ್ತಾ ಮನೆಗೆ ಹೋಗೋವು."

ಕುಲುಮೆಗೆ ಇಂಥ ನಗು ತಿಳಿಯದು.
ಸಾವಿರದ ನಾನೂರು ಡಿಗ್ರಿ, ಹಗಲೂ ರಾತ್ರಿ;
ಆರ್ಡರ್ ಇಲ್ಲವೆಂದು ಆರಲು ಬಿಟ್ಟರೆ
ಕಬ್ಬಿಣ ಒಳಗೇ ಹೆಪ್ಪುಗಟ್ಟಿ ಕೂರುತ್ತದೆ,
ಒಡೆದು ತೆಗೆಯಬೇಕು, ಹಲ್ಲು ಕಿತ್ತ ಹಾಗೆ.

ಪತ್ರ ಬಂದದ್ದು ಮುಂದಿನ ತಿಂಗಳು, ನೆಹರೂ ರೋಡಿನ ಬ್ಯಾಂಕಿಂದ.
ಬಡ್ಡಿದರ ಪರಿಷ್ಕರಿಸಲಾಗಿದೆ.
ಪರಿಷ್ಕರಿಸು! ಎಷ್ಟು ಚೊಕ್ಕ ಮಾತು,
ಇಸ್ತ್ರಿ ಹಾಕಿದ ಅಂಗಿ.
ಅದರ ಬೆನ್ನಿಗೇ ರೇಟಿಂಗಿನವರದ್ದು: ಲಾರಿ ಮಾರಾಟ ಬಿದ್ದಿದೆ,
ಲಾರಿಗೆ ಹಬ್ಬು ಎರೆಯುವವರೂ ಬೀಳಬಹುದು,
ಆದ್ದರಿಂದ ನಮ್ಮ ಹೆಸರಿನ ಪಕ್ಕದ ಪ್ಲಸ್ಸು ತೆಗೆದಿದ್ದಾರೆ.
ಆ ಪುಟ್ಟ ಶಿಲುಬೆ ಹೋದದ್ದಕ್ಕೆ ಇನ್ನೊಂದು ಅರ್ಧ.

ಕಾಲು, ಅರ್ಧ: ಮುಕ್ಕಾಲು.
ಮೂವತ್ತನಾಲ್ಕು ಕೋಟಿಗೆ ತಿಂಗಳಿಗೆ
ಎರಡು ಲಕ್ಷದ ಹನ್ನೆರಡೂವರೆ ಸಾವಿರ.
ಮಾಲೀಕರು ಹಾಲಸ್ವಾಮಿ ಕನ್ನಡಕ ತೆಗೆದು ನೋಡಿದರು,
ಹಾಕಿಕೊಂಡು ನೋಡಿದರು.
"ಮೂರನೇ ಪಾಳಿಯಲ್ಲಿ ಗುತ್ತಿಗೆಯವರು ಎಷ್ಟು?"
ಹತ್ತು, ಅಂದೆ. ತಲೆಗೆ ಇಪ್ಪತ್ತೊಂದು ಸಾವಿರ
ಎಂದು ನಾನು ಹೇಳಲಿಲ್ಲ.
ಅವರಿಗೂ ಭಾಗಾಕಾರ ಬರುತ್ತದೆ.

ರಾತ್ರಿ ವಿನೋಬನಗರದ ಮನೆಯಲ್ಲಿ ಕೇಸರಿಬಾತು.
ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾದ ಗಿರಿಜತ್ತೆ
ಎಫ್‌ಡಿ ನವೀಕರಿಸಿ ಬಂದಿದ್ದಾರೆ, ಅದೇ ಬ್ಯಾಂಕು, ಅದೇ ಕಾಲು,
ಮೇಲೊಂದು ಕ್ಯಾಲೆಂಡರು.
ಆರು ಲಕ್ಷಕ್ಕೆ ತಿಂಗಳಿಗೆ ನೂರಿಪ್ಪತ್ತೈದು ರೂಪಾಯಿ ಹೆಚ್ಚು,
ಗೋಡಂಬಿ ಧಾರಾಳ ಬಿದ್ದಿತ್ತು.
"ನಿಮ್ಮ ಕಂಪನಿಗೂ ಒಳ್ಳೇದೇ ಅಲ್ವಾ ಇದು?"
ಬಾಯಿ ತುಂಬ ಇತ್ತು. ತಲೆಯಾಡಿಸಿದೆ.
ಎರಡನೇ ಸಲ ಬಡಿಸಿದಾಗ ಬೇಡ ಅನ್ನಲಿಲ್ಲ.

ಹತ್ತೂಕಾಲಿಗೆ ಪಾಳಿಯ ವ್ಯಾನು ಬೀದಿ ದಾಟಿತು,
ತಿರುವಿನಲ್ಲಿ ಹಾರ್ನ್ ಹೊಡೆಯುತ್ತ.
ಒಳಗೆ ಎಷ್ಟು ತಲೆ ಎಂದು ಎಣಿಸಬಹುದಿತ್ತು.
ನಾನು ತಟ್ಟೆ ತೊಳೆಯುತ್ತಿದ್ದೆ.